ಚೀನಾ, ತೈವಾನ್, ಸಿಂಗಾಪುರ: ಸೇನೆಯ ಚಿಂತೆ ಆಡಳಿತದೊಳಗೆ ಹೇಗೆ ಬರುತ್ತದೆ ಅಂತ ತಿಳಿಯಲು ಯಾವುದನ್ನು ಮೊದಲು ಓದಬೇಕು?

ಸಿಂಗಾಪುರದಲ್ಲಿ ಅಕ್ಕನ ಮಗಳ ಮನೆಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಅಡುಗೆಮನೆ ಪಕ್ಕದ ಒಂದು ಉಕ್ಕಿನ ಬಾಗಿಲು. ತಳ್ಳೋಕೆ ಎರಡೂ ಕೈ ಬೇಕು. ಒಳಗೆ ಕಿಟಕಿ ಇಲ್ಲದ ಪುಟ್ಟ ಕೋಣೆ. ಅಕ್ಕಿ ಮೂಟೆ, ಊರಿಂದ ತಂದ ಮಾವಿನಮಿಡಿ ಉಪ್ಪಿನಕಾಯಿ, ಹಪ್ಪಳದ ಡಬ್ಬ, ಮಗನ ಹಳೇ ಸೈಕಲ್ಲು.

"ಮಾಮ, ಇದು ಬಾಂಬ್ ಶೆಲ್ಟರ್. ನಮಗೆ ಸ್ಟೋರ್ ರೂಮು" ಅಂದಳು.

1990ರ ದಶಕದ ಕೊನೆಯಿಂದೀಚೆಗೆ ಅಲ್ಲಿ ಕಟ್ಟಿದ ಸರ್ಕಾರಿ ಫ್ಲ್ಯಾಟುಗಳಲ್ಲೆಲ್ಲ ಇಂಥ ಕೋಣೆ ಇರುತ್ತದೆ. ಕಾನೂನೇ ಹಾಗಿದೆ. ಅದರ ಗೋಡೆಯನ್ನು ಬೇಕಾದ ಹಾಗೆ ಕೊರೆಯುವಂತಿಲ್ಲ, ಬಾಗಿಲು ಕಿತ್ತು ಹಾಕುವಂತಿಲ್ಲ. ಯುದ್ಧ ಬಂದರೆ ಅಂತ ಒಂದು ಸರ್ಕಾರ ಯೋಚಿಸಿದ್ದು ನಮ್ಮ ಹುಡುಗಿಯ ಉಪ್ಪಿನಕಾಯಿ ಡಬ್ಬದವರೆಗೆ ಬಂದು ನಿಂತಿದೆ. ನಾನು ಇಪ್ಪತ್ತು ವರ್ಷದಿಂದ ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಸೇನೆಗೂ ಆಡಳಿತಕ್ಕೂ ಇರುವ ನಂಟನ್ನು ಇಷ್ಟು ಹತ್ತಿರದಿಂದ ಕೈಯಲ್ಲಿ ಮುಟ್ಟಿ ನೋಡಿದ್ದು ಅದೇ ಮೊದಲು.

ಈ ವಿಷಯ ಓದಬೇಕು ಅಂತ ಬರುವ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಸರ್, ಚೀನಾ ತಗೊಳ್ಳಲಾ, ತೈವಾನ್ ತಗೊಳ್ಳಲಾ?" ಸಿಂಗಾಪುರದ ಹೆಸರು ಯಾರೂ ಹೇಳುವುದಿಲ್ಲ. ಎಲ್ಲರೂ ಚೀನಾದಿಂದಲೇ ಶುರು ಮಾಡುತ್ತಾರೆ. ದೊಡ್ಡ ದೇಶ, ನಮ್ಮ ಗಡಿ, ದಿನಾ ಸುದ್ದಿ. ನನ್ನ ಸಲಹೆ ಬೇರೆ. ಅದಕ್ಕೆ ಕಾರಣ ಹೇಳುವುದಕ್ಕೇ ಈ ಬರಹ.

ಮೊದಲು ಒಂದು ತಪ್ಪು ತಿಳಿವಳಿಕೆ ದೂರ ಮಾಡಬೇಕು. "ಚೀನೀಯರ ಸಂಸ್ಕೃತಿಯೇ ಹಾಗೆ, ಶಿಸ್ತು ಜಾಸ್ತಿ, ಮೇಲಿನವರು ಹೇಳಿದ ಹಾಗೆ ಕೇಳುತ್ತಾರೆ" ಅಂತ ಸುಮ್ನೆ ಹೇಳಿಬಿಡುವುದು ಸುಲಭ. ಆದರೆ ಚೀನೀಯರ ಹಳೇ ಗಾದೆಯೇ ಉಲ್ಟಾ ಹೇಳುತ್ತದೆ: ಒಳ್ಳೆ ಕಬ್ಬಿಣದಿಂದ ಮೊಳೆ ಮಾಡುವುದಿಲ್ಲ, ಒಳ್ಳೆ ಗಂಡಸು ಸಿಪಾಯಿ ಆಗುವುದಿಲ್ಲ. ಸೈನಿಕನ ಕೆಲಸಕ್ಕೆ ಅಲ್ಲಿ ಮೊದಲಿಂದ ಗೌರವ ಕಡಿಮೆ. ಮೂರೂ ಕಡೆ ಚೀನೀ ಮೂಲದವರೇ ಹೆಚ್ಚು, ಇದೇ ಗಾದೆ ಕೇಳಿ ಬೆಳೆದವರು. ಆದರೂ ಮೂರು ಕಡೆ ಮೂರು ಬೇರೆ ಬೇರೆ ವ್ಯವಸ್ಥೆ ಹುಟ್ಟಿದೆ. ಹಾಗಾದರೆ ಸಂಸ್ಕೃತಿಯಿಂದ ಉತ್ತರ ಸಿಗುವುದಿಲ್ಲ, ಅಲ್ವಾ? ನಾನು ಎರಡು ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ. ಸರ್ಕಾರಕ್ಕೆ ಯಾರ ಭಯ? ಸೇನೆಯನ್ನು ಎದುರು ನಿಂತು ಪ್ರಶ್ನೆ ಕೇಳುವ ಹಕ್ಕು ಯಾರಿಗಿದೆ?

ಚೀನಾ: ಪಕ್ಷದ ಸೇನೆ

ಚೀನಾದ ಸೇನೆ ದೇಶದ್ದಲ್ಲ, ಕಮ್ಯುನಿಸ್ಟ್ ಪಕ್ಷದ್ದು. ಇದನ್ನು ಅವರು ಮುಚ್ಚಿಡುವುದೂ ಇಲ್ಲ. 1927ರ ಆಗಸ್ಟ್ 1ರಂದು ನಾನ್‌ಚಾಂಗ್‌ನಲ್ಲಿ ನಡೆದ ದಂಗೆಯೇ ಅವರ ಸೇನಾ ದಿನ. ಆಗ ಪೀಪಲ್ಸ್ ರಿಪಬ್ಲಿಕ್, ಅಂದರೆ ಈಗಿನ ಕಮ್ಯುನಿಸ್ಟ್ ಚೀನಾ, ಹುಟ್ಟೋಕೆ ಇನ್ನೂ 22 ವರ್ಷ ಇತ್ತು. ಬಂದೂಕಿನ ಮೇಲೆ ಪಕ್ಷದ ಹಿಡಿತ ಇರಬೇಕು, ಪಕ್ಷದ ಮೇಲೆ ಬಂದೂಕಿನ ಹಿಡಿತ ಎಂದೂ ಇರಬಾರದು ಅಂತ ಮಾವೋ 1938ರಲ್ಲಿ ಹೇಳಿದ. ಆ ಮಾತು ಇವತ್ತಿಗೂ ಬದಲಾಗಿಲ್ಲ.

ಅಧಿಕಾರ ನಿಜಕ್ಕೂ ಯಾರ ಕೈಯಲ್ಲಿದೆ ಅಂತ ನೋಡಲು ಸೇನೆಯನ್ನು ನಡೆಸುವ ಕೇಂದ್ರೀಯ ಮಿಲಿಟರಿ ಆಯೋಗದ ಅಧ್ಯಕ್ಷ ಯಾರು ಅಂತ ನೋಡಿದರೆ ಸಾಕು. 1980ರ ದಶಕದಲ್ಲಿ ಡೆಂಗ್ ಷಿಯಾವ್‌ಪಿಂಗ್ ರಾಷ್ಟ್ರಾಧ್ಯಕ್ಷ ಅಲ್ಲ, ಪ್ರಧಾನಿ ಅಲ್ಲ, ಪಕ್ಷದ ಪ್ರಧಾನ ಕಾರ್ಯದರ್ಶಿಯೂ ಅಲ್ಲ. ಆದರೆ ಈ ಆಯೋಗದ ಅಧ್ಯಕ್ಷ ಸ್ಥಾನವನ್ನು 1981ರಿಂದ 1989ರವರೆಗೆ ಬಿಡಲಿಲ್ಲ. ದೇಶ ನಡೆಸಿದ್ದು ಅವನೇ.

ಸೇನೆಯ ಚಿಂತೆ ಸಾಮಾನ್ಯ ಜನರ ಬದುಕನ್ನು ಎಷ್ಟು ತಿರುಗಿಸಬಲ್ಲದು ಅನ್ನುವುದಕ್ಕೆ ನಾನು ತರಗತಿಯಲ್ಲಿ ಕೊಡುವ ಉದಾಹರಣೆ "ಮೂರನೇ ರಂಗ". ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಇದರ ಬಗ್ಗೆ ಓದಿದವರು ಕಡಿಮೆ.

1960ರ ದಶಕದ ಶುರುವಿನಲ್ಲಿ ಚೀನಾ ಭೀಕರ ಬರಗಾಲದಿಂದ ಆಗಷ್ಟೇ ಎದ್ದಿತ್ತು. ಮೂರನೇ ಪಂಚವಾರ್ಷಿಕ ಯೋಜನೆ ಊಟ, ಬಟ್ಟೆ, ದಿನಬಳಕೆ ಸಾಮಾನಿಗೆ ಮೊದಲ ಜಾಗ ಕೊಡಬೇಕು ಅಂತ ಅಧಿಕಾರಿಗಳು ಕರಡು ಮಾಡಿದ್ದರು. ಅಷ್ಟರಲ್ಲಿ 1964ರ ಆಗಸ್ಟ್‌ನಲ್ಲಿ ಟೊಂಕಿನ್ ಕೊಲ್ಲಿಯ ಘಟನೆ ಆಯಿತು. ಅಮೆರಿಕ ವಿಯೆಟ್ನಾಂ ಮೇಲೆ ಬಾಂಬ್ ಹಾಕಿತು. ಆ ಕಡೆ ಸೋವಿಯತ್ ಜೊತೆಗಿನ ಸ್ನೇಹವೂ ಮುರಿದಿತ್ತು. ಕರಾವಳಿಯ ಕಾರ್ಖಾನೆಗಳೆಲ್ಲ ಒಂದೇ ದಾಳಿಗೆ ಹೋಗುತ್ತವೆ ಅನ್ನುವ ಭಯ ಮಾವೋಗೆ ಹತ್ತಿತು. ಯೋಜನೆಯ ದಿಕ್ಕೇ ಬದಲಾಯಿತು. ಸಿಚುವಾನ್, ಗುಯಿಜೌ, ಯುನ್ನಾನ್, ಗಾನ್ಸು ಬೆಟ್ಟಗಳ ಒಳಗೆ ಕಾರ್ಖಾನೆ ಕಟ್ಟಿರಿ ಅಂತ ಆಜ್ಞೆ ಬಂತು. ಬೆಟ್ಟಕ್ಕೆ ಅಂಟಿಕೊಂಡಿರಬೇಕು, ಚದುರಿ ಹೋಗಿರಬೇಕು, ಮರೆಯಲ್ಲಿರಬೇಕು. ಇಷ್ಟೇ ನಿಯಮ. ಶಾಂಘೈನ ಕೆಲಸಗಾರರು ಹೆಂಡತಿ ಮಕ್ಕಳ ಜೊತೆ ಗಂಟುಮೂಟೆ ಕಟ್ಟಿ ಕಣಿವೆಗಳಿಗೆ ಹೋದರು. ಪಾನ್‌ಜಿಹುವಾದ ಉಕ್ಕಿನ ಊರು ಹುಟ್ಟಿದ್ದು ಹಾಗೆ. ಚೆಂಗ್ಡು–ಕುನ್ಮಿಂಗ್ ರೈಲು ಮಾರ್ಗ, ಸುಮಾರು 1,100 ಕಿ.ಮೀ., 400ಕ್ಕೂ ಹೆಚ್ಚು ಸುರಂಗ, 1970ರಲ್ಲಿ ಮುಗಿದದ್ದೂ ಅದೇ ಭಯಕ್ಕೆ.

ಬರಗಾಲದಿಂದ ಎದ್ದ ಜನರ ಊಟ ಬಟ್ಟೆಯ ಯೋಜನೆ ಒಂದೇ ಋತುವಿನಲ್ಲಿ ಪಕ್ಕಕ್ಕೆ ಸರಿಯಿತು. ಬೇಡ ಅನ್ನುವ ಶಕ್ತಿ ಯಾವ ಸಂಸ್ಥೆಗೂ ಇರಲಿಲ್ಲ. ನನ್ನ ಎರಡನೇ ಪ್ರಶ್ನೆ ಯಾಕೆ ಮುಖ್ಯ ಅಂತ ಇಲ್ಲಿ ಕಾಣುತ್ತದೆ.

1969ರಲ್ಲಿ ಝೆನ್‌ಬಾವ್ ದ್ವೀಪದ ಬಳಿ ಸೋವಿಯತ್ ಜೊತೆ ಗುಂಡಿನ ಚಕಮಕಿ ಆದ ಮೇಲೆ ನಗರಗಳ ಕೆಳಗೆ ಸುರಂಗ ತೋಡುವ ಚಳವಳಿ ಜೋರಾಯಿತು. ಬೀಜಿಂಗ್‌ನ ಅಡಿಯಲ್ಲಿ ಜನ ಕೈಯಾರೆ ತೋಡಿದ ನೆಲದಡಿಯ ಊರೇ ಇದೆ. ಇವತ್ತಿಗೂ ನಗರಗಳಲ್ಲಿ ಹೊಸ ಕಟ್ಟಡ ಕಟ್ಟುವವರು ವಾಯುದಾಳಿಯಿಂದ ರಕ್ಷಣೆ ಕೊಡುವ ನೆಲಮಾಳಿಗೆ ಕಟ್ಟಬೇಕು ಅಂತ 1997ರಿಂದ ಜಾರಿಯಾದ ಕಾನೂನು ಹೇಳುತ್ತದೆ. ಶಾಂತಿಕಾಲದಲ್ಲಿ ಅವುಗಳಲ್ಲಿ ಎಷ್ಟೋ ಜಾಗ ಕಾರು ನಿಲ್ಲಿಸಲು ಬಳಕೆಯಾಗುತ್ತದೆ.

ಸೇನೆ ಹಣ ಮಾಡಲು ಇಳಿದ ಕಾಲವೂ ಇತ್ತು. ಡೆಂಗ್ 1985ರಲ್ಲಿ ಹತ್ತು ಲಕ್ಷ ಸೈನಿಕರನ್ನು ಕಡಿತ ಮಾಡಿದ. ಬಜೆಟ್ ಬಿಗಿಯಾಯಿತು. ಸೇನೆ ಹೋಟೆಲ್, ಕಾರ್ಖಾನೆ, ವ್ಯಾಪಾರ ಅಂತ ಶುರು ಮಾಡಿತು. ಅದು ಎಷ್ಟು ಕೆಟ್ಟಿತು ಅಂದರೆ 1998ರಲ್ಲಿ ಆಗಿನ ನಾಯಕ ಜಿಯಾಂಗ್ ಝೆಮಿನ್ ಎಲ್ಲ ವ್ಯಾಪಾರ ಬಿಡಿ ಅಂತ ಆಜ್ಞೆ ಮಾಡಬೇಕಾಯಿತು. ಈಗಿನ ಗಾಳಿ ಬೇರೆ. ಸೇನೆಯೇ ಅಂಗಡಿ ಇಡುವ ಬದಲು ಖಾಸಗಿ ಕಂಪನಿ, ವಿಶ್ವವಿದ್ಯಾಲಯ, ಬಂದರು, ಹಡಗುಗಳು ಸೇನೆಗೆ ಬೇಕಾದಾಗ ಸಿಗುವಂತೆ ಇರಬೇಕು. ಇದಕ್ಕೆಂದೇ 2017ರಲ್ಲಿ ಷಿ ಜಿನ್‌ಪಿಂಗ್ ಮುಂದಾಳತ್ವದಲ್ಲಿ ಒಂದು ಆಯೋಗ ಆಯಿತು. 2024ರ ರಕ್ಷಣಾ ಬಜೆಟ್ ಸುಮಾರು 1.67 ಲಕ್ಷ ಕೋಟಿ ಯುವಾನ್.

ನಮಗೆ ಹತ್ತಿರದ ಮಾತು ಗಡಿ ಹಳ್ಳಿಗಳದ್ದು. ಟಿಬೆಟ್‌ನ ಗಡಿಯುದ್ದಕ್ಕೂ "ಷಿಯಾವ್‌ಕಾಂಗ್" ಅನ್ನುವ 600ಕ್ಕೂ ಹೆಚ್ಚು ಹಳ್ಳಿಗಳನ್ನು ಕಟ್ಟಿದ್ದಾರೆ. ಕಾಗದದ ಮೇಲೆ ಅದು ಬಡತನ ನಿವಾರಣೆ, ವಸತಿ, ರಸ್ತೆ, ವಿದ್ಯುತ್ತು. ಅಷ್ಟೇ ನಿಜವಾಗಿ ಅದು ಗಡಿ ಕಾಯುವ ಕೆಲಸ. ವಸತಿ ಇಲಾಖೆ ಎಲ್ಲಿ ಮುಗಿಯಿತು, ಸೇನೆ ಎಲ್ಲಿ ಶುರುವಾಯಿತು ಅಂತ ಗೆರೆ ಹಾಕಲು ಆಗುವುದಿಲ್ಲ. ಬೈಲಕುಪ್ಪೆಯಲ್ಲೋ ಮುಂಡಗೋಡಿನಲ್ಲೋ ಟಿಬೆಟನ್ ಹಿರಿಯರ ಜೊತೆ ಕೂತು ಮಾತಾಡಿದವರಿಗೆ ಈ ಹಳ್ಳಿಗಳ ಸುದ್ದಿ ಬರೀ ಅಂಕಿ ಅಂಶವಾಗಿ ಕಾಣುವುದಿಲ್ಲ.

ಚೀನಾ ಓದುವವರಿಗೆ ಇರುವ ದೊಡ್ಡ ಕಷ್ಟ ಕಡತ ಸಿಗದಿರುವುದು. ಮಾತಾಡಿದವರಿಗೂ ಕಷ್ಟ. 2020ರ ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ ಸತ್ತ ತನ್ನ ಸೈನಿಕರ ಸಂಖ್ಯೆ ನಾಲ್ಕು ಅಂತ ಚೀನಾ ಹೇಳಿದ್ದು 2021ರ ಫೆಬ್ರವರಿಯಲ್ಲಿ. ಆ ಲೆಕ್ಕದ ಬಗ್ಗೆ ಅನುಮಾನ ಬರೆದ ಒಬ್ಬ ಬ್ಲಾಗರ್‌ಗೆ ಎಂಟು ತಿಂಗಳು ಜೈಲಾಯಿತು. ಹುತಾತ್ಮರ ಹೆಸರಿಗೆ ಕಳಂಕ ತರುವುದು ಅಲ್ಲಿ ಈಗ ಅಪರಾಧ. 2023ರಲ್ಲಿ ವೇದಿಕೆಯ ಮೇಲೆ ಒಬ್ಬ ಹಾಸ್ಯಗಾರ ಬೀದಿನಾಯಿಗಳ ಕಥೆ ಹೇಳುವಾಗ ಸೇನೆಯ ಘೋಷಣೆಯೊಂದನ್ನು ಸೇರಿಸಿದ. ಅವನ ಕಂಪನಿಗೆ ಸುಮಾರು 1.47 ಕೋಟಿ ಯುವಾನ್ ದಂಡ ಬಿತ್ತು.

ತೈವಾನ್: ಎರಡೂ ದಡ ಕಂಡ ಜನ

ನಾನು ಮೊದಲು ಓದಿ ಅಂತ ಹೇಳುವುದು ತೈವಾನನ್ನು. ಕಾರಣ ಒಂದೇ. ಪಕ್ಷದ ಸೇನೆ ಜನರ ಸೇನೆ ಆಗಿದ್ದು ಈ ಮೂರರಲ್ಲಿ ಇಲ್ಲಿ ಮಾತ್ರ. ಆ ದಾರಿ ಉದ್ದಕ್ಕೂ ಕಾಣುತ್ತದೆ. ಇಲ್ಲಿ ಪಕ್ಷ ಅಂದರೆ ಚೀನಾದಲ್ಲಿ ಕಮ್ಯುನಿಸ್ಟರಿಗೆ ಸೋತು ತೈವಾನ್‌ಗೆ ಬಂದ ಚಿಯಾಂಗ್ ಕೈ-ಶೇಕ್‌ನ ಕುವೊಮಿಂಟಾಂಗ್.

1949ರ ಮೇ 20ರಿಂದ 1987ರ ಜುಲೈ 15ರವರೆಗೆ ಅಲ್ಲಿ ಮಾರ್ಷಲ್ ಲಾ. 38 ವರ್ಷ. ಹುಟ್ಟಿದ ಮಗುವಿಗೆ ಮದುವೆಯಾಗಿ ಮಕ್ಕಳಾಗುವಷ್ಟು ಕಾಲ. ಪತ್ರಿಕೆ, ಪಕ್ಷ, ಸಭೆ ಎಲ್ಲದರ ಮೇಲೆ ಸೇನೆಯ ಕಣ್ಣು. ಸಾಮಾನ್ಯ ಜನರ ವಿಚಾರಣೆಯೂ ಸೇನಾ ನ್ಯಾಯಾಲಯದಲ್ಲಿ. ಚೀನಾದ ತೀರಕ್ಕೆ ಅಂಟಿದಂತಿರುವ ಕಿನ್ಮೆನ್ ದ್ವೀಪದ ಮೇಲೆ 1958ರ ಆಗಸ್ಟ್ 23ರಿಂದ 44 ದಿನ ಸುಮಾರು 4.7 ಲಕ್ಷ ಶೆಲ್ ಬಿದ್ದವು. ಆಮೇಲೂ ದಿನ ಬಿಟ್ಟು ದಿನ ಶೆಲ್ ಹಾರಿಸುವುದು 1979ರ ಜನವರಿ 1ರವರೆಗೆ ನಡೆಯಿತು. ಕಿನ್ಮೆನ್‌ನ ಕಮ್ಮಾರರು ಆ ಶೆಲ್‌ಗಳ ಉಕ್ಕಿನಿಂದ ಅಡುಗೆಮನೆ ಚಾಕು ಮಾಡಿ ಮಾರುತ್ತಾರೆ. ಈಗಲೂ ಸಿಗುತ್ತದೆ.

ಇಲ್ಲಿ ನಮ್ಮ ಕೊಡಗಿನ ಒಬ್ಬರ ಹೆಸರು ಬರುತ್ತದೆ. ಕೊರಿಯಾ ಯುದ್ಧ ನಿಂತ ಮೇಲೆ ಕೈದಿಗಳ ವಾಪಸಾತಿ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಆ ಯುದ್ಧದಲ್ಲಿ ಸೆರೆಸಿಕ್ಕಿ, ಚೀನಾಕ್ಕೆ ವಾಪಸು ಹೋಗಲು ಒಪ್ಪದ 14,000ಕ್ಕೂ ಹೆಚ್ಚು ಚೀನೀ ಸೈನಿಕರು 1954ರ ಜನವರಿಯಲ್ಲಿ ತೈವಾನ್‌ಗೆ ಹೋದರು. ಆ ದಿನವನ್ನು ಅಲ್ಲಿ ಪ್ರತಿ ವರ್ಷ ಆಚರಿಸತೊಡಗಿದರು.

ಇಂಥ ಸೈನಿಕರು, ಚಿಯಾಂಗ್ ಕೈ-ಶೇಕ್ ಜೊತೆ ಬಂದ ಲಕ್ಷಾಂತರ ಸೈನಿಕರು, ಇವರಿಗೆಲ್ಲ ವಯಸ್ಸಾಗುತ್ತಿತ್ತು. ಊರಿಲ್ಲ, ಮನೆಯಿಲ್ಲ, ಎಷ್ಟೋ ಜನಕ್ಕೆ ಮದುವೆಯಿಲ್ಲ. ಸರ್ಕಾರ 1954ರಲ್ಲಿ ಮಾಜಿ ಸೈನಿಕರಿಗಾಗಿ ಒಂದು ಆಯೋಗ ಮಾಡಿತು. 1956ರಿಂದ 1960ರವರೆಗೆ ಅವರ ಕೈಯಲ್ಲಿ ದ್ವೀಪದ ನಡುವಿನ ಬೆಟ್ಟ ಸೀಳಿ ರಸ್ತೆ ಮಾಡಿಸಿದರು. ಉಳಿ, ಸುತ್ತಿಗೆ, ಡೈನಮೈಟು. 200ಕ್ಕೂ ಹೆಚ್ಚು ಜನ ಸತ್ತರು. ತಾರೋಕೋ ಕಣಿವೆಯ ಫೋಟೋಗಳಲ್ಲಿ ಬಂಡೆ ಕೊರೆದ ರಸ್ತೆ ಕಾಣುತ್ತದಲ್ಲ, ಅದು ಇದೇ. ಅವರಿಗೆಂದು ಕಟ್ಟಿದ ಆಸ್ಪತ್ರೆಗಳು ಮುಂದೆ ದೇಶದ ದೊಡ್ಡ ಆಸ್ಪತ್ರೆಗಳಾದವು. ತೈವಾನ್‌ನ ಕಲ್ಯಾಣ ನೀತಿ ಹೇಗೆ ಬೆಳೆಯಿತು ಅಂತ ಹುಡುಕುವವರು ಈ ಮಾಜಿ ಸೈನಿಕರ ಕಡತದಿಂದಲೇ ಶುರು ಮಾಡಬೇಕು.

ಬದಲಾವಣೆ ನಿಧಾನವಾಗಿ ಬಂತು. ದಂಡನಾಯಕ ಹಾವ್ ಪೈ-ತ್ಸುನ್ 1990ರಲ್ಲಿ ಪ್ರಧಾನಿಯೇ ಆದರು, ವಿದ್ಯಾರ್ಥಿಗಳು ಬೀದಿಗಿಳಿದರು. 2000ದಲ್ಲಿ ಪಾಸಾಗಿ 2002ರಲ್ಲಿ ಜಾರಿಯಾದ ಎರಡು ರಕ್ಷಣಾ ಕಾನೂನುಗಳು ಇಡೀ ಸೇನೆಯನ್ನು ರಕ್ಷಣಾ ಸಚಿವರ ಕೆಳಗೆ ತಂದವು.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಮನಸ್ಸಿಗೆ ತಟ್ಟುವುದು 2013ರ ಜುಲೈ. ಹುಂಗ್ ಚುಂಗ್-ಚಿಯು ಅನ್ನುವ ಹುಡುಗ, ಕಡ್ಡಾಯ ಸೇವೆ ಮುಗಿಯಲು ಎರಡು ಮೂರು ದಿನ ಬಾಕಿ. ಕ್ಯಾಮೆರಾ ಇರುವ ಫೋನನ್ನು ಶಿಬಿರದೊಳಗೆ ತಂದ ಅಂತ ಕೂಡಿ ಹಾಕಿದರು. ಬಿರು ಬಿಸಿಲಿನ ಕಾಲದಲ್ಲಿ ಶಿಕ್ಷೆಯ ಕಸರತ್ತು ಮಾಡಿಸಿದರು. ಸತ್ತೇ ಹೋದ. ಸಿಸಿಟಿವಿಯಲ್ಲಿ ಸುಮಾರು 80 ನಿಮಿಷದ ಚಿತ್ರ ಇರಲಿಲ್ಲ. ಆಗಸ್ಟ್ 3ರಂದು ತೈಪೆಯಲ್ಲಿ ಬಿಳಿ ಅಂಗಿ ತೊಟ್ಟು ಜನ ಸೇರಿದರು. ಸಂಘಟಕರ ಲೆಕ್ಕದಲ್ಲಿ 2.5 ಲಕ್ಷ. ರಕ್ಷಣಾ ಸಚಿವರು ರಾಜೀನಾಮೆ ಕೊಟ್ಟಿದ್ದರು. ಆಗಸ್ಟ್ 6ರಂದು, ಅಂದರೆ ಮೂರೇ ದಿನದಲ್ಲಿ, ಸಂಸತ್ತು ಕಾನೂನು ತಿದ್ದಿತು. ಶಾಂತಿಕಾಲದಲ್ಲಿ ಸೈನಿಕರ ಅಪರಾಧ ಪ್ರಕರಣಗಳು ಇನ್ನು ಸಾಮಾನ್ಯ ನ್ಯಾಯಾಲಯಕ್ಕೆ. ಒಂದು ಕಾಲದಲ್ಲಿ ಸೇನಾ ನ್ಯಾಯಾಲಯ ನಾಗರಿಕರನ್ನು ವಿಚಾರಣೆ ಮಾಡುತ್ತಿದ್ದ ನಾಡಿನಲ್ಲಿ ಇದು ಆಯಿತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಚೀನಾದ ಒತ್ತಡ ಜಾಸ್ತಿಯಾಗಿದೆ. ಗೂಢಚಾರಿಕೆ ಪ್ರಕರಣಗಳ ಹಿನ್ನೆಲೆಯಲ್ಲಿ ಸೇನಾ ನ್ಯಾಯಾಲಯ ಮತ್ತೆ ಬೇಕು ಅಂತ ಅಧ್ಯಕ್ಷ ಲಾಯ್ ಚಿಂಗ್-ತೆ 2025ರ ಮಾರ್ಚ್‌ನಲ್ಲಿ ಹೇಳಿದರು. ಕಡ್ಡಾಯ ಸೇವೆಯೂ ಹೀಗೇ ಹಿಂದೆ ಮುಂದೆ ಆಗಿದೆ. ಎರಡು ವರ್ಷ ಇದ್ದದ್ದು 2008ರ ಹೊತ್ತಿಗೆ ಒಂದು ವರ್ಷಕ್ಕೆ ಇಳಿಯಿತು. 1994ರಿಂದೀಚೆಗೆ ಹುಟ್ಟಿದವರಿಗೆ ನಾಲ್ಕೇ ತಿಂಗಳಾಯಿತು. 2024ರಿಂದ, 2005 ಮತ್ತು ಆಮೇಲೆ ಹುಟ್ಟಿದವರಿಗೆ ಮತ್ತೆ ಒಂದು ವರ್ಷ. ಮತ ಕೇಳುವ ಪಕ್ಷಗಳು ಹುಡುಗರ ವಯಸ್ಸನ್ನೂ ನೋಡಬೇಕು, ಚೀನಾಕ್ಕೂ ತಮಗೂ ನಡುವಿನ ಜಲಸಂಧಿಯನ್ನೂ ನೋಡಬೇಕು.

ಮಾಮೂಲಿ ಇಲಾಖೆಗಳಲ್ಲೂ ಈ ಚಿಂತೆ ಇದೆ. ಅಲ್ಲಿ ಬಳಸುವ ಇಂಧನದಲ್ಲಿ ಶೇ. 95ಕ್ಕೂ ಹೆಚ್ಚು ಹೊರಗಿಂದ ಬರಬೇಕು. ನೈಸರ್ಗಿಕ ಅನಿಲದ ದಾಸ್ತಾನು ಸುಮಾರು 11 ದಿನಕ್ಕೆ ಸಾಕಾಗುವಷ್ಟು. ಕೊನೆಯ ಅಣು ಸ್ಥಾವರವನ್ನು 2025ರ ಮೇ ತಿಂಗಳಲ್ಲಿ ನಿಲ್ಲಿಸಿದಾಗ ಪರಿಸರವಾದಿಗಳ ಜೊತೆ ರಕ್ಷಣಾ ತಜ್ಞರೂ ಚರ್ಚೆಗೆ ಇಳಿದದ್ದು ಅದಕ್ಕೇ. 2023ರ ಫೆಬ್ರವರಿಯಲ್ಲಿ ಮಾತ್ಸು ದ್ವೀಪಗಳಿಗೆ ಹೋಗುವ ಎರಡು ಸಮುದ್ರ ಕೇಬಲ್ ಕಡಿದು ಹೋದವು. ಅಲ್ಲಿಯ ಸುಮಾರು 13,000 ಜನ ವಾರಗಟ್ಟಲೆ ಸರಿಯಾದ ಇಂಟರ್ನೆಟ್ ಇಲ್ಲದೆ ಕಳೆದರು. ಟೆಲಿಕಾಂ ನೀತಿ ಅವತ್ತಿಂದ ರಕ್ಷಣಾ ನೀತಿಯೂ ಆಯಿತು.

ಸಿಂಗಾಪುರ: ಊರಿನ ನಕ್ಷೆಯಲ್ಲೇ ಬರೆದ ಭಯ

1965ರ ಆಗಸ್ಟ್ 9ರಂದು ಸಿಂಗಾಪುರ ಮಲೇಷ್ಯಾದಿಂದ ಬೇರೆಯಾಯಿತು. ಸೇನೆ ಅಂತ ಹೇಳಿಕೊಳ್ಳಲು ಎರಡು ಬೆಟಾಲಿಯನ್. ಸೇನೆ ಕಟ್ಟಿಕೊಡಿ ಅಂತ ಪ್ರಧಾನಿ ಲೀ ಕ್ವಾನ್ ಯೂ ಮೊದಲು ಕೇಳಿದ್ದು ಭಾರತವನ್ನು ಮತ್ತು ಈಜಿಪ್ಟನ್ನು. ಸಿಗಲಿಲ್ಲ. ಇಸ್ರೇಲಿನವರು ಬಂದರು. ಸುತ್ತ ಮುಸ್ಲಿಂ ನೆರೆಹೊರೆ, ಅದಕ್ಕೆ ಅವರನ್ನು "ಮೆಕ್ಸಿಕನ್ನರು" ಅಂತ ಕರೆದು ಗುಟ್ಟಾಗಿಟ್ಟರು. 1967ರ ಮಾರ್ಚ್‌ನಲ್ಲಿ ಕಡ್ಡಾಯ ಸೇವೆಯ ಕಾನೂನು. ಇದರ ಹಿಂದೆ ಇದ್ದವರು ಗೋ ಕೆಂಗ್ ಸ್ವೀ, ಅರ್ಥಶಾಸ್ತ್ರಜ್ಞ. ಹಣಕಾಸು ಬಲ್ಲವರೇ ರಕ್ಷಣೆಯನ್ನೂ ನೋಡಿದ್ದರಿಂದ ಅಲ್ಲಿಯ ಸೇನೆ ಮೊದಲಿಂದ ಲೆಕ್ಕಾಚಾರದ್ದು.

ಆ ಲೆಕ್ಕಾಚಾರ ನಗರ ಯೋಜನೆಯಲ್ಲಿ ಎದ್ದು ಕಾಣುತ್ತದೆ. ಪುಟ್ಟ ದ್ವೀಪದ ನೆಲದಲ್ಲಿ ಹತ್ತಿರಹತ್ತಿರ ಐದನೇ ಒಂದು ಭಾಗ ಸೇನೆಯ ಬಳಕೆಗೆ. ಲಿಮ್ ಚು ಕಾಂಗ್ ರಸ್ತೆಯನ್ನು ನೇರವಾಗಿ ಅಗಲವಾಗಿ ಕಟ್ಟಿದ್ದು ಯುದ್ಧವಿಮಾನ ಇಳಿಯಲಿ ಅಂತ. ಅಭ್ಯಾಸದ ದಿನ ದೀಪದ ಕಂಬ, ಬಸ್ ನಿಲ್ದಾಣದ ಫಲಕ ಎಲ್ಲ ಕಿತ್ತು ರನ್‌ವೇ ಮಾಡಿದ್ದಾರೆ. ಪಾಯಾ ಲೇಬಾರ್ ವಾಯುನೆಲೆ ಇರುವುದರಿಂದ ದ್ವೀಪದ ಪೂರ್ವಕ್ಕೆ ದೊಡ್ಡ ಭಾಗದಲ್ಲಿ ಎತ್ತರದ ಮನೆ ಕಟ್ಟುವಂತಿಲ್ಲ. 2030ರ ನಂತರ ಅದನ್ನು ಬೇರೆಡೆಗೆ ಸಾಗಿಸಿದರೆ 800 ಹೆಕ್ಟೇರ್ ಜಾಗ ಸಿಗುತ್ತದೆ, ಸುತ್ತಲಿನ ಕಟ್ಟಡಗಳೂ ಎತ್ತರ ಆಗಬಹುದು. ಒಂದು ವಾಯುನೆಲೆ ಸಾವಿರಾರು ಕುಟುಂಬಗಳಿಗೆ ಯಾವ ಮಹಡಿಯ ಮನೆ ಸಿಗುತ್ತದೆ ಅಂತ ತೀರ್ಮಾನ ಮಾಡುತ್ತಿದೆ ನೋಡಿ.

ನೀರಿನ ನೀತಿಯೂ ಅಷ್ಟೇ. ಪಕ್ಕದ ಮಲೇಷ್ಯಾದ ಜೊಹೋರ್‌ನಿಂದ ನೀರು ತರುವ 1962ರ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಪಕ್ಕದವರು ನಲ್ಲಿ ತಿರುಗಿಸಿದರೆ ಏನು ಗತಿ ಅನ್ನುವ ಯೋಚನೆಯಿಂದ 2003ರಲ್ಲಿ ಬಳಸಿದ ನೀರನ್ನೇ ಶುದ್ಧ ಮಾಡುವ ನ್ಯೂವಾಟರ್ ಬಂತು.

ಸೇನೆಯಿಂದ ಸರ್ಕಾರಕ್ಕೆ ಜನ ಹೋಗುವ ದಾರಿ ಇಲ್ಲಿ ರಾಜಮಾರ್ಗ. 1971ರಿಂದ ಒಳ್ಳೆ ಅಂಕದ ಹುಡುಗರನ್ನು ಆರಿಸಿ ಸೇನೆಯ ವಿದ್ಯಾರ್ಥಿವೇತನದಲ್ಲಿ ವಿದೇಶಕ್ಕೆ ಕಳಿಸುತ್ತಾರೆ. ಅವರು ಬೇಗ ಬಡ್ತಿ ಪಡೆದು ನಲವತ್ತರ ಆಸುಪಾಸಿಗೆ ಸೇನೆ ಬಿಟ್ಟು ಸಚಿವರಾಗುತ್ತಾರೆ, ಇಲಾಖೆಗಳ ಮುಖ್ಯಸ್ಥರಾಗುತ್ತಾರೆ, ಮೆಟ್ರೋ ಕಂಪನಿ ನಡೆಸುತ್ತಾರೆ. ಎರಡು ದಶಕ ಪ್ರಧಾನಿಯಾಗಿದ್ದ ಲೀ ಸಿಯನ್ ಲೂಂಗ್ ಬ್ರಿಗೇಡಿಯರ್ ಜನರಲ್ ಆಗಿದ್ದವರು. ಸೇನೆ ಸರ್ಕಾರವನ್ನು ಕಿತ್ತುಕೊಂಡಿಲ್ಲ. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು.

ಇಲ್ಲಿ ಒಂದು ನೋವಿನ ಮಾತೂ ಇದೆ. ಕಡ್ಡಾಯ ಸೇವೆ ಶುರುವಾದ ಮೊದಲ ವರ್ಷಗಳಲ್ಲಿ ಮಲಯ ಹುಡುಗರನ್ನು ಹೆಚ್ಚಾಗಿ ಕರೆಯಲೇ ಇಲ್ಲ. ನೆರೆದೇಶದ ಜೊತೆ ಯುದ್ಧವಾದರೆ ಅವರು ಧರ್ಮಸಂಕಟಕ್ಕೆ ಸಿಕ್ಕಬಾರದು ಅಂತ ಸರ್ಕಾರ 1987ರಲ್ಲಿ ಬಹಿರಂಗವಾಗಿಯೇ ಹೇಳಿತು. ಸೇವೆ ಮುಗಿಸಿದವರಿಗೆ ಕೆಲಸ ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ ಕರೆಯೇ ಬಾರದ ಹುಡುಗರಿಗೆ ಬಿದ್ದ ಪೆಟ್ಟು ದೊಡ್ಡದು. ಸಿಂಗಾಪುರವನ್ನು ಬರೀ ಹೊಗಳಿ ಬರೆಯುವ ಪ್ರಬಂಧಗಳನ್ನು ನಾನು ವಾಪಸು ಕಳಿಸುತ್ತೇನೆ, ಇದನ್ನೂ ಓದಿ ಬನ್ನಿ ಅಂತ.

ಅಲ್ಲಿರುವ ನಮ್ಮ ಕನ್ನಡದ ಕುಟುಂಬಗಳಿಗೆ ಇದು ಪುಸ್ತಕದ ವಿಷಯವಲ್ಲ. ಅವತ್ತು ಊಟ ಆದ ಮೇಲೆ ಅಕ್ಕನ ಮಗಳು, ಅಳಿಯ ಇಬ್ಬರೂ ಮಾತಾಡಿದ್ದು ಅದನ್ನೇ. ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ಆಗಿ ಇರುವ ಪರವಾನಗಿಗೆ, ಅರ್ಜಿ ಹಾಕಬೇಕೋ ಬೇಡವೋ? ಕೆಲಸದ ಮೇಲೆ ಪಿಆರ್ ಪಡೆದ ಅಪ್ಪನಿಗೆ ಸೇವೆ ಇಲ್ಲ. ಅವನ ಮೂಲಕ ಪಿಆರ್ ಪಡೆದ ಮಗನಿಗೆ ಇದೆ. ಹದಿನಾರೂವರೆಗೆ ಹೆಸರು ನೋಂದಣಿ, ಹದಿನೆಂಟರ ಆಸುಪಾಸಿಗೆ ಎರಡು ವರ್ಷದ ಪೂರ್ಣ ಸೇವೆ, ಆಮೇಲೆ ಸಾಮಾನ್ಯ ಸೈನಿಕನಿಗೆ ನಲವತ್ತರವರೆಗೆ ಮೀಸಲು ಸೇವೆ. ಹದಿಮೂರಾದ ಹುಡುಗ ಮೂರು ತಿಂಗಳಿಗಿಂತ ಜಾಸ್ತಿ ಹೊರಗಿರಬೇಕಾದರೆ ಅನುಮತಿ ಬೇಕು. ಓದಲು ಎರಡು ವರ್ಷಕ್ಕೂ ಮೇಲೆ ಹೊರಗೆ ಕಳಿಸಿದರೆ 75,000 ಸಿಂಗಾಪುರ್ ಡಾಲರ್ ಅಥವಾ ತಂದೆ ತಾಯಿಯ ಒಟ್ಟು ವಾರ್ಷಿಕ ಆದಾಯದ ಅರ್ಧ, ಯಾವುದು ಜಾಸ್ತಿಯೋ ಅಷ್ಟಕ್ಕೆ ಬಾಂಡ್. ಸೇವೆ ಮಾಡದೆ ಪಿಆರ್ ಬಿಟ್ಟು ಹೋದರೆ ಮುಂದೆ ಅಲ್ಲಿ ಓದಲು, ಕೆಲಸಕ್ಕೆ ಕೇಳಿದಾಗ ಅದು ಅಡ್ಡ ಬರುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಅರ್ಜಿಗೆ ಮೊದಲು ಕಡ್ಡಾಯ ಸೇವೆ ನೋಡಿಕೊಳ್ಳುವ ಕಚೇರಿ ಸಿಎಂಪಿಬಿಯ ವೆಬ್‌ಸೈಟ್ ನೋಡಲೇಬೇಕು.

ಪ್ರಭಾವ ಇದ್ದವರಿಗೆ ವಿನಾಯಿತಿ ಸಿಗಬಾರದು ಅಂತ ಜನರೇ ಕಾಯುತ್ತಾರೆ. ಲಂಡನ್‌ನಲ್ಲಿ ಹೆಸರು ಮಾಡಿದ ಪಿಯಾನೋ ವಾದಕ ಮೆಲ್ವಿನ್ ಟಾನ್ ಸೇವೆ ಮಾಡಿರಲಿಲ್ಲ. 2005ರಲ್ಲಿ ವಾಪಸು ಬಂದಾಗ 3,000 ಡಾಲರ್ ದಂಡ ಮಾತ್ರ ಬಿತ್ತು. ಎರಡು ವರ್ಷ ಕೊಟ್ಟ ಅಪ್ಪ ಅಮ್ಮಂದಿರು ಸಿಟ್ಟಾದರು. ಮರುವರ್ಷವೇ ಶಿಕ್ಷೆ ಬಿಗಿ ಮಾಡಿದರು.

ಆದರೆ ಮಗ ಸತ್ತರೆ? 2012ರಲ್ಲಿ ತರಬೇತಿಯ ಹೊಗೆ ಗ್ರೆನೇಡುಗಳಿಂದ ಒಬ್ಬ ಹುಡುಗ ತೀರಿಕೊಂಡ. ನಿಯಮ ಮೀರಿ ಹೆಚ್ಚು ಗ್ರೆನೇಡ್ ಬಳಸಿದ್ದರು ಅಂತ ತನಿಖೆಯೇ ಹೇಳಿತು. ಮನೆಯವರು ಹಾಕಿದ ದಾವೆ 2016ರಲ್ಲಿ ಬಿದ್ದುಹೋಯಿತು. ಕರ್ತವ್ಯದ ಮೇಲಿನ ಸಾವಿಗೆ ಸೇನೆಯ ಮೇಲೆ ದಾವೆ ಹೂಡಲು ಬರುವುದಿಲ್ಲ ಅಂತ ಕಾನೂನಿದೆ. ತೈಪೆಯ ಬಿಳಿ ಅಂಗಿಗಳನ್ನು ಇದರ ಪಕ್ಕ ಇಟ್ಟು ನೋಡಿ. ಇಬ್ಬರೂ ಇಪ್ಪತ್ತರ ಆಸುಪಾಸಿನ ಹುಡುಗರು, ಇಬ್ಬರದ್ದೂ ಕಡ್ಡಾಯ ಸೇವೆ, ಒಂದೇ ವರ್ಷದ ಅಂತರ.

ಹಾಂಗ್‌ಕಾಂಗ್

ಪ್ರತ್ಯೇಕವಾಗಿ ಓದುವಷ್ಟು ಇಲ್ಲಿ ಇಲ್ಲ. ತನ್ನದೇ ಸೇನೆ ಇಲ್ಲ, ಕಡ್ಡಾಯ ಸೇವೆ ಇಲ್ಲ, 1997ರಿಂದ ಬೀಜಿಂಗ್‌ನ ಒಂದು ಪಡೆ ನೆಲೆ ನಿಂತಿದೆ. ಆದರೆ ಒಂದು ಘಟನೆ ಬಿಡಬೇಡಿ. ಸಿಂಗಾಪುರದ ಸೈನಿಕರು 1975ರಿಂದ ತೈವಾನ್‌ನಲ್ಲಿ ತರಬೇತಿ ಮಾಡುತ್ತಾರೆ, ಜಾಗ ಸಾಲದು ಅಂತ. 2016ರ ನವೆಂಬರ್‌ನಲ್ಲಿ ಹಾಗೆ ತರಬೇತಿ ಮುಗಿಸಿ ಹಡಗಿನಲ್ಲಿ ವಾಪಸಾಗುತ್ತಿದ್ದ ಒಂಬತ್ತು ಟೆರೆಕ್ಸ್ ಯುದ್ಧವಾಹನಗಳನ್ನು ಹಾಂಗ್‌ಕಾಂಗ್ ಕಸ್ಟಮ್ಸ್ ಹಿಡಿಯಿತು. ಚೀನಾ ಸಿಂಗಾಪುರದ ಮೇಲೆ ಸಿಟ್ಟು ತೋರಿಸಿತು. ಎರಡು ತಿಂಗಳ ಮೇಲೆ ವಾಹನ ವಾಪಸು ಬಂದವು. ನಾಲ್ಕು ಸಮಾಜಗಳೂ ಒಂದೇ ಬಂದರಿನಲ್ಲಿ ಎದುರಾದ ಈ ಪ್ರಕರಣ ಸೆಮಿನಾರಿಗೆ ತುಂಬ ಚೆನ್ನಾಗಿ ಒಗ್ಗುತ್ತದೆ.

ಹಾಗಾದರೆ ನಿಮಗೆ ಯಾವುದು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದರೆ, ಅಥವಾ ಪತ್ರಿಕೆಯ ಗಡಿ ಸುದ್ದಿ ಅರ್ಥವಾಗಬೇಕು ಅಂದರೆ ಚೀನಾ ತಪ್ಪಿಸಲು ಆಗದು. ಮಿಲಿಟರಿ ಆಯೋಗ, ಮೂರನೇ ರಂಗ, ಗಡಿ ಹಳ್ಳಿ, ಈ ಮೂರನ್ನು ಗಟ್ಟಿ ಮಾಡಿಕೊಳ್ಳಿ. ಸಂಶೋಧನೆಗೆ ಮಾತ್ರ ಅದನ್ನು ಮೊದಲ ವಿಷಯವಾಗಿ ತಗೋಬೇಡಿ. ಚೀನೀ ಭಾಷೆ ಬಾರದೆ, ಕಡತ ಸಿಗದೆ ಎರಡು ವರ್ಷ ಊಹೆಯಲ್ಲೇ ಕಳೆದು ಹೋಗುತ್ತದೆ. ನನ್ನ ಇಬ್ಬರು ಒಳ್ಳೆಯ ವಿದ್ಯಾರ್ಥಿಗಳು ಹೀಗೆ ಅರ್ಧಕ್ಕೆ ಬಿಟ್ಟಿದ್ದಾರೆ.

ನಗರ ಯೋಜನೆ, ನೀರು, ವಸತಿ, ಆಡಳಿತ ಸುಧಾರಣೆ ನಿಮ್ಮ ಆಸಕ್ತಿ ಆದರೆ ಸಿಂಗಾಪುರ. ಇಂಗ್ಲಿಷಿನಲ್ಲೇ ಕಾನೂನು, ಸಂಸತ್ತಿನ ಚರ್ಚೆ ಎಲ್ಲ ಸಿಗುತ್ತದೆ. ಸರ್ಕಾರ ತನ್ನ ಬಗ್ಗೆ ಹೇಳುವುದು ತುಂಬ ನಯವಾಗಿರುತ್ತದೆ, ಆದ್ದರಿಂದ ಮಲಯ ಕುಟುಂಬಗಳ ಕಡೆಯಿಂದ, ಮಗನನ್ನು ಕಳೆದುಕೊಂಡವರ ಕಡೆಯಿಂದಲೂ ನೋಡುವುದನ್ನು ಮರೆಯಬೇಡಿ.

ಎಂಎ ಪ್ರಬಂಧಕ್ಕೆ, ಪಿಎಚ್‌ಡಿಗೆ, ಅಥವಾ ಯಾವ ಪರೀಕ್ಷೆಯೂ ಇಲ್ಲದೆ ಸುಮ್ನೆ ಅರ್ಥ ಮಾಡಿಕೊಳ್ಳಬೇಕು ಅನ್ನುವವರಿಗೆ ತೈವಾನ್. ಮಾರ್ಷಲ್ ಲಾ ಕಾಲದ ಕಡತಗಳು ತೆರೆದಿವೆ. ಜಿಂಗ್‌ಮೆಯ್ ಮತ್ತು ಗ್ರೀನ್ ಐಲ್ಯಾಂಡಿನ ಹಳೇ ಸೆರೆಮನೆಗಳು ಈಗ ಮ್ಯೂಸಿಯಂ. ಅಲ್ಲಿ ಇದ್ದು ಬಂದವರ ಮಾತುಗಳನ್ನು ದಾಖಲಿಸಿಟ್ಟಿದ್ದಾರೆ. ತೈವಾನ್ ಓದಿದ ಮೇಲೆ ಚೀನಾ ಓದಿದರೆ, ಯಾವ ಬಾಗಿಲು ಅಲ್ಲಿ ತೆರೆಯಲಿಲ್ಲ ಅಂತ ಗೊತ್ತಾಗುತ್ತದೆ. ಮೊದಲೇ ಚೀನಾ ಓದಿದವರಿಗೆ ಅಲ್ಲಿ ಬಾಗಿಲು ಇರಬಹುದಿತ್ತು ಅನ್ನುವುದೇ ಹೊಳೆಯುವುದಿಲ್ಲ.

ಯಾವುದನ್ನೇ ಆರಿಸಿ, ವರ್ಷದಲ್ಲಿ ಮೂರು ಹೊತ್ತನ್ನು ಗುರುತು ಹಾಕಿಕೊಳ್ಳಿ. ಮಾರ್ಚ್ ಮೊದಲ ವಾರ ಬೀಜಿಂಗ್‌ನಲ್ಲಿ ರಕ್ಷಣಾ ಬಜೆಟ್ ಹೊರಬೀಳುತ್ತದೆ. ತೈವಾನ್‌ನಲ್ಲಿ ಬೇಸಿಗೆಯ ವಾಯುದಾಳಿ ಅಭ್ಯಾಸ, ಬಹಳ ಸಲ ಜುಲೈನಲ್ಲಿ. ಸೈರನ್ ಕೂಗಿ ಅಭ್ಯಾಸ ನಡೆಯುವ ಅರ್ಧ ಗಂಟೆ ತೈಪೆಯ ರಸ್ತೆಯಲ್ಲಿ ಒಂದು ಸ್ಕೂಟರೂ ಕಾಣುವುದಿಲ್ಲ. ಫೆಬ್ರವರಿ 15ರ ಸಂಜೆ 6:20ಕ್ಕೆ ಸಿಂಗಾಪುರದ ಸೈರನ್. 1942ರಲ್ಲಿ ಬ್ರಿಟಿಷರು ಜಪಾನಿಗೆ ಶರಣಾದ ಹೊತ್ತು ಅದು. ಹೋದ ಸಲ ಅಕ್ಕನ ಮಗಳು ಆ ಹೊತ್ತಿಗೇ ಫೋನ್ ಮಾಡಿ ನನಗೆ ಕೇಳಿಸಿದಳು. ಸೈರನ್ ನಿಂತ ಮೇಲೆ ಹಿಂದಿನಿಂದ ಹುಡುಗನ ದನಿ ಬಂತು. "ಅಮ್ಮಾ, ನಾನು ಆರ್ಮಿಗೆ ಹೋಗ್ತೀನಾ ಇಲ್ವಾ ಅಂತ ತಾತಂಗೆ ಕೇಳಿದ್ರಾ?"